ಸಾವಿರ ಪದ ಕೂಡಿದರೂ ಸಿಗದ ಪೈ

ಪೈ ಎಂದರೆ 22/7 ಎಂದು ಹೈಸ್ಕೂಲಿನಲ್ಲಿ ಉರು ಹೊಡೆದವರಿಗೆ ಅದು ಬರೀ ಅಂದಾಜು ಎಂಬುದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ತಿಳಿಯುತ್ತದೆ. ಹಾಗಾದರೆ ಸರಿಯಾದ ಬೆಲೆಯ ಹತ್ತಿರಕ್ಕೆ ಹೋಗುವುದು ಹೇಗೆ? ಒಂದು ದಾರಿ ಅನಂತ ಶ್ರೇಣಿ. 1ರಿಂದ 1/3 ಕಳೆಯಿರಿ, 1/5 ಕೂಡಿಸಿ, 1/7 ಕಳೆಯಿರಿ. ಹೀಗೆ ಬೆಸಸಂಖ್ಯೆಗಳನ್ನು ಹಿಡಿದು ಸಾಗಿ, ಬಂದ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ಪೈ.

ಯುರೋಪಿನಲ್ಲಿ 1670ರ ದಶಕದಲ್ಲಿ ಲೈಬ್ನಿಟ್ಸ್ ಕಂಡುಕೊಂಡ ಈ ಶ್ರೇಣಿ, ಅದಕ್ಕೆ ಎರಡೂವರೆ ಶತಮಾನ ಮೊದಲೇ ಕೇರಳದ ಸಂಗಮಗ್ರಾಮದ ಮಾಧವನಿಗೆ ಗೊತ್ತಿತ್ತು. ಅವನ ಶಿಷ್ಯಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ'ದಲ್ಲಿ ಇದರ ಸಾಧನೆಯೂ ಇದೆ.

ಈಗ ಪೈಥಾನ್ ಕಲಿಯುತ್ತಿರುವ ಹುಡುಗ ಹುಡುಗಿಯರು ನಾಲ್ಕೈದು ಸಾಲಿನಲ್ಲಿ ಈ ಲೆಕ್ಕ ಬರೆಯಬಲ್ಲರು. ಆದರೆ ಉತ್ತರ ನೋಡಿದರೆ ನಿರಾಸೆ! ಹತ್ತು ಪದಗಳಿಗೆ ಬರುವುದು 3.0418. ಸಾವಿರ ಪದಗಳಿಗೆ 3.1406, ಪೈ ಇರುವುದು 3.1416. ಅಂದರೆ ಇಷ್ಟೆಲ್ಲ ಕೂಡಿ ಕಳೆದರೂ ನಮ್ಮ ಹಳೆಯ 22/7ಕ್ಕಿಂತ ಕೂದಲೆಳೆಯಷ್ಟು ವಾಸಿ, ಅಷ್ಟೆ. ತಪ್ಪು ಕಂಪ್ಯೂಟರಿನದಲ್ಲ. ಪದಗಳು ಬಹಳ ನಿಧಾನವಾಗಿ ಚಿಕ್ಕದಾಗುತ್ತವೆ. ಪದಗಳ ಸಂಖ್ಯೆ ಹತ್ತುಪಟ್ಟಾದರೆ ತಪ್ಪು ಹತ್ತನೇ ಒಂದಾಗುತ್ತದೆ. ಏಳು ದಶಮಾಂಶ ಸ್ಥಾನ ಸರಿಬರಲು ಸುಮಾರು ಎರಡು ಕೋಟಿ ಪದ ಬೇಕು.

ಇನ್ನೂ ವೇಗದ ಕಂಪ್ಯೂಟರ್ ಬೇಕೆಂದು ಮಗಳು ಅಪ್ಪನ ಬಳಿ ಹಟ ಹಿಡಿಯುವ ಮೊದಲು ಕೇರಳದವರ ಉಪಾಯ ನೋಡಬೇಕು. ಎರಡು ಕೋಟಿ ಪದಗಳನ್ನು ಕೈಯಿಂದ ಕೂಡಲಾರದ ಅವರು, ಬಿಟ್ಟುಹೋದ ಬಾಲ ಎಷ್ಟಿರಬಹುದೆಂದು ಅಳೆದರು. ಹತ್ತು ಪದಕ್ಕೆ ನಿಲ್ಲಿಸಿದಿರಿ ಎನ್ನಿ. ಹತ್ತರ ವರ್ಗಕ್ಕೆ ಒಂದು ಕೂಡಿಸಿ: 101. ಅದನ್ನು ನಾಲ್ಕರಿಂದ ಗುಣಿಸಿ ಒಂದು ಸೇರಿಸಿದರೆ 405. ಅದರ ಹತ್ತುಪಟ್ಟು 4050. ಈಗ 101/4050 ಎಂಬ ತಿದ್ದುಪಡಿಯನ್ನು ಹತ್ತು ಪದಗಳ ಮೊತ್ತಕ್ಕೆ ಸೇರಿಸಿ, ಆಮೇಲೆ ನಾಲ್ಕರಿಂದ ಗುಣಿಸಿ. ಉತ್ತರ 3.1415927. ಏಳು ಸ್ಥಾನವೂ ಸರಿ! ಇಷ್ಟಕ್ಕೆ ಕಾಗದ, ಪೆನ್ಸಿಲ್ ಸಾಕು.

ಇನ್ನೊಂದು ದಾರಿಯೂ ಅವರಿಗೆ ಗೊತ್ತಿತ್ತು. ಈ ಶ್ರೇಣಿ ನಿಜವಾಗಿ ಟ್ಯಾಂಜೆಂಟ್ ಬೆಲೆಯಿಂದ ಕೋನವನ್ನು ಪಡೆಯುವ ಸೂತ್ರ. ಮೇಲಿನ ಲೆಕ್ಕ 45 ಡಿಗ್ರಿ ಕೋನದ್ದು. ಅದರ ಬದಲು 30 ಡಿಗ್ರಿ ಹಿಡಿದರೆ, ಛೇದಗಳಲ್ಲಿ 3, 9, 27 ಎಂದು ಮೂರರ ಘಾತಗಳೂ ಸೇರಿಕೊಂಡು ಪದಗಳು ಬೇಗ ಕರಗುತ್ತವೆ. ಮೊತ್ತವನ್ನು 12ರ ವರ್ಗಮೂಲದಿಂದ ಗುಣಿಸಬೇಕು. 21 ಪದಗಳಿಗೆ ಹತ್ತು ದಶಮಾಂಶ ಸ್ಥಾನ ಸರಿಬರುತ್ತದೆ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಹತ್ತರ ಬದಲು ಹನ್ನೊಂದು ಪದಕ್ಕೆ ನಿಲ್ಲಿಸಿದರೆ ತಿದ್ದುಪಡಿಯನ್ನು ಕೂಡಬಾರದು, ಕಳೆಯಬೇಕು. ಮರೆತು ಕೂಡಿದರೆ ಪೈಥಾನ್ ಆಕ್ಷೇಪಿಸುವುದಿಲ್ಲ. ತಪ್ಪು ಉತ್ತರವನ್ನೇ ಹದಿನೈದು ದಶಮಾಂಶ ಸ್ಥಾನಗಳವರೆಗೆ ಠೀವಿಯಿಂದ ತೋರಿಸುತ್ತದೆ.