ಕಂಡೂ ಲೆಕ್ಕಕ್ಕಿಡದ ಕಾರು

2018ರ ಜನವರಿ 22ರ ಬೆಳಿಗ್ಗೆ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯ ಹೆದ್ದಾರಿಯಲ್ಲಿ ಒಂದು ಅಗ್ನಿಶಾಮಕ ವಾಹನ ದೀಪ ಮಿನುಗಿಸುತ್ತ ನಿಂತಿತ್ತು. ಸ್ವಲ್ಪ ಮೊದಲು ಅಲ್ಲಿ ನಡೆದಿದ್ದ ಅಪಘಾತವೊಂದರ ಕೆಲಸಕ್ಕೆ ಬಂದಿದ್ದ ವಾಹನ ಅದು. ಆಟೊಪೈಲಟ್ ಹಾಕಿಕೊಂಡು ಬರುತ್ತಿದ್ದ ಟೆಸ್ಲಾ ಕಾರೊಂದು ಮುಂದಿನ ವಾಹನವನ್ನು ಹಿಂಬಾಲಿಸುತ್ತಿತ್ತು. ಡಿಕ್ಕಿಗೆ ಮೂರ್ನಾಲ್ಕು ಸೆಕೆಂಡು ಇರುವಾಗ ಆ ವಾಹನ ಪಕ್ಕದ ಲೇನಿಗೆ ಸರಿಯಿತು. ಎದುರಿಗೆ ಅಷ್ಟು ದೊಡ್ಡ ಗಾಡಿ ಕಂಡರೆ ರಸ್ತೆ ನೋಡುತ್ತಿರುವ ಯಾವ ಚಾಲಕನಾದರೂ ಬ್ರೇಕ್ ತುಳಿಯುತ್ತಾನೆ. ಕಾರು ಮಾಡಿದ್ದು ತದ್ವಿರುದ್ಧ. ದಾರಿ ಖಾಲಿಯಾಯಿತೆಂದು ಬಗೆದು ಗಂಟೆಗೆ 34 ಕಿ.ಮೀ.ಯಿಂದ 50ರ ಆಸುಪಾಸಿಗೆ ವೇಗ ಏರಿಸಿಕೊಂಡು ಹೋಗಿ ಗುದ್ದಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಚಾಲಕನ ಅಜಾಗರೂಕತೆಯನ್ನೂ ಯಂತ್ರವನ್ನು ಆತ ಅತಿಯಾಗಿ ನಂಬಿದ್ದನ್ನೂ ಕಾರಣವೆಂದಿತು. ಹಾಗೆ ಗಮನ ಬಿಡಲು ಎಡೆಮಾಡಿಕೊಟ್ಟ ವಿನ್ಯಾಸವನ್ನೂ ದೂರಿತು.

ಇಂಥ ಸುದ್ದಿ ಓದಿದಾಗ ‘ಕಾರಿಗೆ ಕಣ್ಣು ಕಾಣಲಿಲ್ಲ’ ಎಂದುಕೊಳ್ಳುವುದು ಸಹಜ. ಆದರೆ ಅಡಾಸ್ ಎಂದು ಶೋರೂಂಗಳಲ್ಲಿ ಕರೆಯುವ ಈ ಚಾಲಕ ಸಹಾಯಕ ವ್ಯವಸ್ಥೆಗಳ ಸೋಲು ಬಹುಪಾಲು ಕುರುಡುತನದಿಂದ ಬಂದದ್ದಲ್ಲ. ಕಂಡದ್ದರಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಎಂಜಿನಿಯರುಗಳು ಮೊದಲೇ ಮಾಡಿಟ್ಟ ತೀರ್ಮಾನದಿಂದ ಬಂದದ್ದು. ಆ ತೀರ್ಮಾನ ಏನೆಂದು ಕಾರು ಕೊಳ್ಳುವವರಿಗೆ ಗೊತ್ತಿರುವುದಿಲ್ಲ ಎನ್ನುವುದೇ ನನ್ನ ಮುಖ್ಯ ತಕರಾರು.

ರೇಡಾರನ್ನೇ ತೆಗೆದುಕೊಳ್ಳಿ. ಬಂಪರಿನ ಅಥವಾ ಮುಂಭಾಗದ ಲೋಗೋ ಹಿಂದೆ ಕೂತಿರುವ ಈ ಪೆಟ್ಟಿಗೆ ಸಾಮಾನ್ಯವಾಗಿ 77 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆಗಳನ್ನು ಬಿಡುತ್ತದೆ. ಅಲೆಯ ಉದ್ದ ಸುಮಾರು 4 ಮಿ.ಮೀ. ದೂರ ಮತ್ತು ವೇಗ ಅಳೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ, ಮಂಜಿನಲ್ಲೂ ಕೆಲಸ ಮಾಡುತ್ತದೆ. ಆದರೆ ಪ್ರತಿಧ್ವನಿ ಯಾವ ದಿಕ್ಕಿನಿಂದ, ಅದರಲ್ಲೂ ಎಷ್ಟು ಎತ್ತರದಿಂದ ಬಂತು ಎಂದು ಹೇಳುವುದರಲ್ಲಿ ಸಾಮಾನ್ಯ ರೇಡಾರ್ ಬಹಳ ಒರಟು. ರಸ್ತೆಯ ಮೇಲಿನ ಫಲಕ, ಫ್ಲೈಓವರಿನ ತೊಲೆ, ತಿರುವಿನ ಕಬ್ಬಿಣದ ತಡೆಗೋಡೆ, ಚರಂಡಿಯ ಮುಚ್ಚಳ ಎಲ್ಲವೂ ಅದಕ್ಕೆ ‘ಮುಂದೆ ನಿಂತಿರುವ ಲೋಹ’. ಅಂಥ ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತ ಹೋದರೆ ಹೆದ್ದಾರಿಯಲ್ಲಿ ಕಾರು ಓಡುವ ಹಾಗೇ ಇಲ್ಲ. ಆದ್ದರಿಂದ ಹೆಚ್ಚಿನ ವೇಗದಲ್ಲಿ ನಿಶ್ಚಲ ವಸ್ತುಗಳ ಪ್ರತಿಧ್ವನಿಗೆ ಕಡಿಮೆ ಬೆಲೆ ಕೊಡುವುದು ವಾಡಿಕೆಯಾಯಿತು. ನಿಂತಿರುವ ವಾಹನಕ್ಕೆ ಈ ವ್ಯವಸ್ಥೆ ಸ್ಪಂದಿಸದೆ ಇರಬಹುದು ಎಂಬ ಸಾಲು ಇಂದಿಗೂ ಹಲವು ಕಾರುಗಳ ಮ್ಯಾನ್ಯುಯಲ್‌ನಲ್ಲಿ ಇದೆ. ಅದನ್ನು ಓದುವವರು ಯಾರು ಎಂಬುದು ಬೇರೆ ಮಾತು.

ಈ ಬೆಲೆಯನ್ನು ಇನ್ನೊಂದು ಕಡೆಗೆ ವಾಲಿಸಿದರೂ ತೊಂದರೆ ತಪ್ಪದು. 2022ರ ಫೆಬ್ರುವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ, ಖಾಲಿ ರಸ್ತೆಯಲ್ಲಿ ಕಾರು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿಕೊಳ್ಳುತ್ತದೆ ಎಂಬ 354 ದೂರುಗಳ ಮೇಲೆ ಸುಮಾರು 4.16 ಲಕ್ಷ ಟೆಸ್ಲಾ ಕಾರುಗಳ ತನಿಖೆ ಆರಂಭಿಸಿತು. ಹಿಂದೆ ಬರುವ ಲಾರಿಯವನಿಗೆ ಇದೂ ಅಪಾಯವೇ. ಸುಳ್ಳು ಬ್ರೇಕು ಹೆಚ್ಚಾದರೆ ಗಿರಾಕಿ ಗುಂಡಿ ಒತ್ತಿ ಇಡೀ ವ್ಯವಸ್ಥೆಯನ್ನೇ ಆರಿಸಿಬಿಡುತ್ತಾನೆ, ಕಡಿಮೆಯಾದರೆ ನಿಜವಾದ ಅಡ್ಡಿ ತಪ್ಪಿಹೋಗುತ್ತದೆ.

ಕ್ಯಾಮೆರಾದ ಕಥೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಅದು ನೋಡುವುದು ಕಲಿತದ್ದನ್ನು. 2016ರ ಮೇ ತಿಂಗಳಲ್ಲಿ ಫ್ಲಾರಿಡಾದ ವಿಲಿಸ್ಟನ್ ಬಳಿ ರಸ್ತೆ ದಾಟುತ್ತಿದ್ದ ಟ್ರೇಲರ್ ಲಾರಿಯ ಅಡಿಗೆ ಟೆಸ್ಲಾ ನುಗ್ಗಿ ಚಾಲಕ ಸತ್ತಾಗ, ಬೆಳಗುವ ಆಕಾಶದ ಎದುರು ಬಿಳಿ ಟ್ರೇಲರ್ ಕಾಣಲಿಲ್ಲ ಎಂಬ ಮಾತೇ ಹೆಚ್ಚು ಹರಡಿತು. ತನಿಖೆಯಲ್ಲಿ ಹೊರಬಿದ್ದ ಅಂಶ ಅದಕ್ಕಿಂತ ಗಂಭೀರ: ಅಡ್ಡಲಾಗಿ ದಾಟುವ ವಾಹನವನ್ನು ಗುರುತಿಸಿ ನಿಲ್ಲಿಸಲು ಆ ವ್ಯವಸ್ಥೆಯನ್ನು ರೂಪಿಸಿಯೇ ಇರಲಿಲ್ಲ. ಮುಂದಿನ ವರ್ಷ ಆಸ್ಟ್ರೇಲಿಯಾದಿಂದ ಬಂದ ವರ್ತಮಾನ ನಗು ತರಿಸುವಂಥದ್ದು. ಸ್ವೀಡನ್ನಿನಲ್ಲಿ ಮೂಸ್ ಮತ್ತು ಜಿಂಕೆಗಳನ್ನು ನೋಡಿ ಪಳಗಿದ್ದ ವೋಲ್ವೋ ವ್ಯವಸ್ಥೆಗೆ ಕಾಂಗರೂ ಎಷ್ಟು ದೂರದಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಪ್ರಾಣಿಯ ಕಾಲು ನೆಲ ತಾಗುವ ಜಾಗದಿಂದ ದೂರ ಲೆಕ್ಕ ಹಾಕುವ ಕ್ರಮ ಅದರದು. ಕಾಂಗರೂ ಜಿಗಿದು ಗಾಳಿಯಲ್ಲಿರುವಾಗ ದೂರವಿದ್ದಂತೆ, ನೆಲಕ್ಕಿಳಿದಾಗ ಹತ್ತಿರವಿದ್ದಂತೆ ತೋರುತ್ತಿತ್ತು.

ನಮ್ಮ ರಸ್ತೆಯ ಪಾಡೂ ಇದರಿಂದ ದೂರವಿಲ್ಲ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಕಾರು ಓಡಿಸಿ ಸುಮಾರು 10,000 ಚಿತ್ರಗಳ ಭಂಡಾರವೊಂದನ್ನು ಕಟ್ಟಿದವು. ಯುರೋಪಿನ ನಗರಗಳ ಚಿತ್ರಗಳಿಗೆ ಮಾಡಿದ್ದ ವರ್ಗಗಳು ಅವರಿಗೆ ಸಾಲಲಿಲ್ಲ. ಆಟೊರಿಕ್ಷಾಕ್ಕೆ ಬೇರೆ ಹೆಸರಿಡಬೇಕಾಯಿತು, ಪ್ರಾಣಿಗೂ ಒಂದು ವರ್ಗ ಬೇಕಾಯಿತು. ಟಾರಿನ ಅಂಚು ಮುಗಿದ ಮೇಲೂ ಗಾಡಿ ಇಳಿಸಬಹುದಾದ ಮಣ್ಣಿನ ಪಟ್ಟಿಗೂ ಪ್ರತ್ಯೇಕ ಗುರುತು ಕೊಡಬೇಕಾಯಿತು. ಆ ಮಣ್ಣಿನ ಪಟ್ಟಿ ನಮ್ಮಲ್ಲಿ ರಸ್ತೆಯೂ ಹೌದು, ಫುಟ್‌ಪಾತೂ ಹೌದು, ಕೆಲವೊಮ್ಮೆ ರಾಗಿ ಒಣಗಿಸುವ ಕಣವೂ ಹೌದು. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಎರಡೂ ಪಕ್ಕ ಜೋತುಬಿದ್ದ ಜಲ್ಲೆಯ ಹೊರೆ ಹೊತ್ತು, ಹಿಂದೆ ಕೆಂಪು ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಹಿಂಬದಿಯಿಂದ ವಾಹನದ ಆಕಾರದಲ್ಲೇ ಇರುವುದಿಲ್ಲ.

ಕತ್ತಲೆಯಲ್ಲಂತೂ ಲೆಕ್ಕ ಸರಳ, ಫಲಿತಾಂಶ ಕಠೋರ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಒಣ ರಸ್ತೆಯಲ್ಲಿ ಗಟ್ಟಿ ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು 40 ಮೀಟರ್ ಬೇಕು. ಲೋ ಬೀಮಿನ ಬೆಳಕು ಚೆನ್ನಾಗಿ ಬೀಳುವುದೇ ಹೆಚ್ಚುಕಡಿಮೆ ಅಷ್ಟು ದೂರ. ಕ್ಯಾಮೆರಾ ನೋಡಿ, ಗುರುತಿಸಿ, ಖಚಿತಪಡಿಸಿಕೊಳ್ಳುವಷ್ಟರಲ್ಲಿ ದೂರ ಮುಗಿದಿರುತ್ತದೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ 2022ರ ಅಧ್ಯಯನ ಹೇಳುವುದೂ ಇದನ್ನೇ. ಪಾದಚಾರಿಯನ್ನು ಗುರುತಿಸುವ ಸ್ವಯಂ ಬ್ರೇಕ್ ಇರುವ ಕಾರುಗಳಲ್ಲಿ ಪಾದಚಾರಿ ಅಪಘಾತ ಒಟ್ಟಾರೆ ಶೇ 27ರಷ್ಟು ಕಡಿಮೆ. ಬೀದಿದೀಪವಿಲ್ಲದ ಕತ್ತಲೆಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇಲ್ಲ. ಮಳೆಯ ವಿಷಯದಲ್ಲಿ ಅಮೆರಿಕದ ಮೋಟಾರು ಸಂಘ ಎಎಎ 2021ರಲ್ಲಿ ಗಾಜಿನ ಮೇಲೆ ನೀರು ಎರಚಿ ಪರೀಕ್ಷಿಸಿತು. ಗಂಟೆಗೆ 56 ಕಿ.ಮೀ. ವೇಗದಲ್ಲಿ, ಮೂರರಲ್ಲಿ ಒಂದು ಸಲ ಸ್ವಯಂ ಬ್ರೇಕ್ ಇದ್ದೂ ಕಾರು ಮುಂದಿನ ವಾಹನಕ್ಕೆ ಗುದ್ದಿತು. ಅದು ಬರೀ ಎರಚಿದ ನೀರು, ಆಗುಂಬೆಯ ಆಷಾಢವಲ್ಲ.

ಇಷ್ಟೆಲ್ಲ ಸರಿಯಿದ್ದರೂ ಕಾರು ಒಮ್ಮೆ ಗ್ಯಾರೇಜಿಗೆ ಹೋಗಿ ಬಂದರೆ ಲೆಕ್ಕ ತಪ್ಪಬಹುದು. ಮುಂಗಾಜು ಬದಲಿಸಿದಾಗ ಅದರ ಹಿಂದಿನ ಕ್ಯಾಮೆರಾ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿತೆನ್ನಿ. 100 ಮೀಟರ್ ದೂರದಲ್ಲಿ ಅದು ಸುಮಾರು 1.75 ಮೀಟರ್ ತಪ್ಪಾಗುತ್ತದೆ. ನಮ್ಮ ಹೆದ್ದಾರಿಯ ಲೇನ್ ಅಗಲ 3.5 ಮೀಟರ್. ಅಂದರೆ ಅರ್ಧ ಲೇನ್ ಆಚೀಚೆ. ಬಂಪರಿಗೆ ಟಿಂಕರಿಂಗ್ ಮಾಡಿ ದಪ್ಪ ಪಟ್ಟಿ ಮೆತ್ತಿ ಮೆಟಾಲಿಕ್ ಬಣ್ಣ ಹೊಡೆದರೆ ಹಿಂದಿನ ರೇಡಾರ್ ಮಂಕಾಗುತ್ತದೆ. ಕೆಸರು ಮೆತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯಾದರೂ ಬರುತ್ತದೆ, ಕೋನ ತುಸು ತಪ್ಪಿದರೆ ಅದೂ ಬರುತ್ತದೆಂಬ ಖಾತ್ರಿಯಿಲ್ಲ.

ಹಾಗಾದರೆ ಇವೆಲ್ಲ ಬೇಡವೇ ಎಂದು ಕೇಳಬಹುದು. ನನ್ನ ವಾದ ಅದಲ್ಲ. ಅದೇ ವಿಮಾ ಸಂಸ್ಥೆಯ ಅಧ್ಯಯನಗಳ ಪ್ರಕಾರ ಸ್ವಯಂ ಬ್ರೇಕ್ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದಿವೆ. ಮನುಷ್ಯನ ಕಣ್ಣೂ ಕತ್ತಲೆಯಲ್ಲಿ ಸೋಲುತ್ತದೆ, ಮೊಬೈಲಿನ ಕಡೆಗೆ ಹೊರಳುತ್ತದೆ, ತೂಕಡಿಸುತ್ತದೆ. ಚಾಲಕ ಎಚ್ಚರವಾಗಿದ್ದು, ಒಂದು ಕ್ಷಣ ತಪ್ಪಿದಾಗ ಯಂತ್ರ ಬ್ರೇಕ್ ಹಾಕಿದರೆ ಅದು ನಿಜಕ್ಕೂ ಉಪಕಾರ. ಆದರೆ ಯಂತ್ರ ಓಡಿಸುತ್ತಿದ್ದು, ಅದು ತಪ್ಪಿದಾಗ ಚಾಲಕ ಹಿಡಿಯಬೇಕು ಎಂದಾಗ ಪರಿಸ್ಥಿತಿಯೇ ತಲೆಕೆಳಗು. ಬ್ರಿಟಿಷ್ ಮನೋವಿಜ್ಞಾನಿ ಲಿಸೇನ್ ಬೇನ್‌ಬ್ರಿಜ್ 1983ರಲ್ಲೇ ಕಾರ್ಖಾನೆಗಳ ಸಂದರ್ಭದಲ್ಲಿ ಇದನ್ನು ವಿವರಿಸಿದ್ದರು: ಯಾಂತ್ರೀಕರಣ ಉತ್ತಮವಾದಷ್ಟೂ ಕಾವಲಿಗೆ ಕೂತವನ ಕೌಶಲ ಸವೆಯುತ್ತದೆ, ಕೊನೆಗೆ ಅತ್ಯಂತ ಕಷ್ಟದ ಗಳಿಗೆಯೇ ಅವನ ಪಾಲಿಗೆ ಬರುತ್ತದೆ. ‘ಜವಾಬ್ದಾರಿ ಚಾಲಕನದೇ’ ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿ, ಜಾಹೀರಾತಿನಲ್ಲಿ ನಿರಾಳವಾಗಿ ಕೂತ ಚಾಲಕನನ್ನು ತೋರಿಸುವುದು ನ್ಯಾಯವಲ್ಲ.

ಇನ್ನಷ್ಟು ಸೆನ್ಸರ್ ಕೂಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಆದರೆ 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರಿನಲ್ಲಿ ಕ್ಯಾಮೆರಾ, ರೇಡಾರ್, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಮೂರೂ ಇದ್ದವು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಅದು ಆಕೆಯನ್ನು ಪತ್ತೆಹಚ್ಚಿತ್ತು. ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಯಾವ ಕಡೆ ಸಾಗುತ್ತಿದ್ದಾಳೆಂಬ ಹಳೆಯ ಲೆಕ್ಕವನ್ನು ಕೈಬಿಟ್ಟಿತು. ಜೀಬ್ರಾ ಪಟ್ಟಿಯಿಲ್ಲದ ಕಡೆ ಜನ ರಸ್ತೆ ದಾಟಬಹುದೆಂಬ ಊಹೆಯೇ ಆ ತಂತ್ರಾಂಶದಲ್ಲಿ ಇರಲಿಲ್ಲ.

ಜೀಬ್ರಾ ಪಟ್ಟಿ ಕಂಡ ಕಡೆಯಷ್ಟೇ ರಸ್ತೆ ದಾಟುವ ಊರು ನಮ್ಮಲ್ಲಿ ಯಾವುದಿದೆ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5 ಪಾದಚಾರಿಗಳು. ಇಲ್ಲಿ ಅಡಾಸ್‌ಗೆ ಅಂಕ ಕೊಡುವುದಾದರೆ ಕೊಡಬೇಕಾದದ್ದು ರಾತ್ರಿ, ಮಳೆಯಲ್ಲಿ, ಅಡ್ಡ ಬರುವ ಸ್ಕೂಟರು ಮತ್ತು ನಿಂತ ಲಾರಿಯ ಮುಂದೆ ಅದು ಏನು ಮಾಡುತ್ತದೆ ಎಂಬುದಕ್ಕೆ. 2023ರ ಅಕ್ಟೋಬರಿನಲ್ಲಿ ಆರಂಭವಾದ, ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಭಾರತ್ ಎನ್‌ಕ್ಯಾಪ್ ಮೊದಲ ಹಂತದಲ್ಲಿ ಡಿಕ್ಕಿಯಾದ ಮೇಲೆ ಒಳಗಿದ್ದವರು ಎಷ್ಟು ಸುರಕ್ಷಿತ ಎಂಬುದನ್ನೇ ಮುಖ್ಯವಾಗಿ ಅಳೆಯಿತು. ಅಡಾಸ್ ಅನ್ನು ಕತ್ತಲೆಯಲ್ಲೂ ಪರೀಕ್ಷಿಸುವುದು ಆಗದ ಮಾತೇನಲ್ಲ. ಅಮೆರಿಕ 2024ರಲ್ಲಿ ಹೊರಡಿಸಿದ ನಿಯಮ ಹೊಸ ಕಾರುಗಳ ಸ್ವಯಂ ಬ್ರೇಕ್ ಪಾದಚಾರಿಯನ್ನು ಹಗಲಲ್ಲದೆ ಇರುಳಲ್ಲೂ ಗುರುತಿಸಬೇಕೆಂದು ವಿಧಿಸಿತು. ಅಂಥ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ಮಾದರಿಯ ಮೈಲೇಜಿನ ಪಕ್ಕದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ ಶೋರೂಂನಲ್ಲಿ ಅಂಟಿಸುವಂತೆ ಮಾಡಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.