ತಂದೆಯ ಹೆಸರಿನ ಭಾರ: ಸ್ಟುವರ್ಟ್ ಬಿನ್ನಿಯ ಕ್ರಿಕೆಟ್ ಬದುಕು

1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಗಳಿಸಿ ಬೌಲರ್‌ಗಳ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದ ರೋಜರ್ ಬಿನ್ನಿಯವರ ಮಗ ಸ್ಟುವರ್ಟ್, ತಂದೆಯಂತೆಯೇ ಬ್ಯಾಟಿಂಗ್ ಮತ್ತು ಮಧ್ಯಮ ವೇಗದ ಬೌಲಿಂಗ್ ಎರಡನ್ನೂ ಬಲ್ಲ ಆಲ್‌ರೌಂಡರ್ ಆಗಿದ್ದುದರಿಂದ, ಹೋಲಿಕೆಯಿಂದ ಪಾರಾಗುವ ದಾರಿಯೇ ಅವರಿಗಿರಲಿಲ್ಲ. 2003–04ರಲ್ಲಿ ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್‌ಗೆ, ಅಂದರೆ ರಣಜಿಯಂಥ ಬಹುದಿನಗಳ ಪಂದ್ಯಗಳಿಗೆ, ಕಾಲಿಟ್ಟರೂ ಸ್ಥಾನ ಭದ್ರವಾಗದೆ, ಭಾರತೀಯ ಕ್ರಿಕೆಟ್ ಮಂಡಳಿಯ ಮಾನ್ಯತೆಯಿಲ್ಲದ ಇಂಡಿಯನ್ ಕ್ರಿಕೆಟ್ ಲೀಗ್ ಸೇರಿದ ಅವರು, ಆ ಲೀಗ್‌ನ ಆಟಗಾರರಿಗೆ 2009ರಲ್ಲಿ ಕ್ಷಮಾದಾನ ದೊರೆತ ಮೇಲಷ್ಟೇ ರಾಜ್ಯ ತಂಡಕ್ಕೆ ಮರಳಿದರು.

ತಂದೆಯ ಹೆಸರಿನ ಇಂಥ ಭಾರ ಕ್ರಿಕೆಟ್‌ಗಷ್ಟೇ ಸೀಮಿತವಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೈನರ್ ಲೀಗ್ ಎಂಬುದು ಅಗ್ರ ತಂಡಗಳಿಗೆ ಆಟಗಾರರನ್ನು ಪಳಗಿಸುವ ಕೆಳಹಂತ. 4,256 ಹಿಟ್‌ಗಳ ದಾಖಲೆಯ ಪೀಟ್ ರೋಸ್ ಅವರ ಮಗ ಅಲ್ಲಿ ಎರಡು ದಶಕ ದುಡಿದರೂ ಮೇಲಿನ ಹಂತದಲ್ಲಿ ಆಡಿದ್ದು 1997ರ 11 ಪಂದ್ಯಗಳನ್ನು ಮಾತ್ರ.

ಸ್ಟುವರ್ಟ್ 2014ರಲ್ಲಿ ಭಾರತ ತಂಡ ಸೇರಿದಾಗ ತಂದೆ ಆಯ್ಕೆ ಸಮಿತಿಯ ಸದಸ್ಯರಾಗಿದ್ದುದರಿಂದ, ದಶಕದ ದುಡಿಮೆಯನ್ನು ಮರೆತು ಸಂಶಯಪಟ್ಟವರೇ ಹೆಚ್ಚು, ಇದು ನ್ಯಾಯವಾಗಿರಲಿಲ್ಲ. ಅದೇ ವರ್ಷದ ಜೂನ್ 17ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಕೇವಲ 4 ರನ್ ಕೊಟ್ಟು 6 ವಿಕೆಟ್ ಕಿತ್ತು, ಕನ್ನಡಿಗರೇ ಆದ ಅನಿಲ್ ಕುಂಬ್ಳೆ 1993ರಲ್ಲಿ 12 ರನ್ನಿಗೆ 6 ವಿಕೆಟ್ ಪಡೆದು ಸ್ಥಾಪಿಸಿದ್ದ ಭಾರತೀಯ ಏಕದಿನ ದಾಖಲೆಯನ್ನು ಅವರು ಮುರಿದರು. 6 ಟೆಸ್ಟ್, 14 ಏಕದಿನ ಪಂದ್ಯಗಳನ್ನಾಡಿ 2021ರ ಆಗಸ್ಟ್‌ನಲ್ಲಿ ನಿವೃತ್ತರಾದ ಅವರ ಪ್ರಥಮ ದರ್ಜೆ ಪಂದ್ಯಗಳ ಸಂಖ್ಯೆ 95.