ಕೀಲೆಣ್ಣೆಯಿಂದ ಕ್ರೌನ್ ಪಿನಿಯನ್‌ವರೆಗೆ

ಭತ್ತದ ನಾಟಿ ಮುಗಿಯಿತೆಂದರೆ ಹಾನಗಲ್ಲ ಸೀಮೆಯ ಟ್ರ್ಯಾಕ್ಟರ್‌ಗಳಿಗೆ ಗ್ಯಾರೇಜಿನ ಕಾಲ. ಕೇಜ್ ವೀಲ್ ಕಟ್ಟಿಕೊಂಡು ವಾರಗಟ್ಟಲೆ ಕೆಸರು ಗದ್ದೆಯಲ್ಲಿ ದುಡಿದ ಗಾಡಿಯ ಹಿಂದಿನ ಹೌಸಿಂಗಿನ ಡ್ರೇನ್ ಬೋಲ್ಟ್ ಬಿಚ್ಚಿದರೆ, ಕೆಲವೊಮ್ಮೆ ಇಳಿಯುವುದು ಹೊಂಬಣ್ಣದ ಎಣ್ಣೆಯಲ್ಲ, ಹಾಲು ಹೆಚ್ಚಾದ ಚಹಾದಂಥ ದ್ರವ. ನೀರು ಒಳಹೊಕ್ಕಿದೆ ಎಂದು ಮೇಸ್ತ್ರಿಗೆ ಆಗಲೇ ಗೊತ್ತಾಗುತ್ತದೆ. ಕಾದ ಹೌಸಿಂಗಿಗೆ ಗದ್ದೆಯ ತಣ್ಣೀರು ತಾಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಾಳಿಯಾಡಲೆಂದು ಇಟ್ಟ ಬ್ರೀದರ್ ಮಣ್ಣು ಕಟ್ಟಿದ್ದರೆ, ಸವೆದ ಆಯಿಲ್ ಸೀಲಿನ ಅಂಚೇ ನೀರಿಗೆ ದಾರಿ.

ಈ ಹೌಸಿಂಗಿನೊಳಗೆ ಇರುವುದು ಡಿಫರೆನ್ಷಿಯಲ್. ಎಂಜಿನ್ನಿನ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಕೊಟ್ಟೂ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಕೂಟ ಅದು. ಇದು ಯಾಕೆ ಬೇಕು ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಗಾಡಿ ಒಂದು ಪೂರ್ತಿ ಸುತ್ತು ಹೊಡೆದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಲೇಬೇಕು. ಸುತ್ತು ಕಣದಷ್ಟಿರಲಿ, ಕೆರೆಯಂಗಳದಷ್ಟಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ.

ನಮ್ಮ ಚಕ್ಕಡಿಗೆ ಈ ತೊಂದರೆ ಇರಲಿಲ್ಲ. ಅದರ ಅಚ್ಚು ತಿರುಗುವುದಿಲ್ಲ, ಚಕ್ರಗಳು ಅಚ್ಚಿನ ತುದಿಯಲ್ಲಿ ತಮ್ಮಷ್ಟಕ್ಕೆ ತಿರುಗುತ್ತವೆ. ಎಳೆಯುವ ಬಲ ಎತ್ತಿನದು, ಚಕ್ರದ್ದಲ್ಲ. ಹಾಗಾಗಿ ಚಕ್ಕಡಿಗೆ ಬೇಕಾಗಿದ್ದದ್ದು ಕೀಲೆಣ್ಣೆ ಮಾತ್ರ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ಕಟ್ಟಿರುತ್ತಿದ್ದರು. ಹರಳೆಣ್ಣೆ ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ, ಕರಿ ಅದನ್ನು ಮಂದವಾಗಿಸಿ ಜಾರಿ ಹೋಗದಂತೆ ಹಿಡಿಯುತ್ತದೆ. ರೈತರು ಕಂಡುಕೊಂಡ ಈ ಮಿಶ್ರಣದ ಹಿಂದಿನ ತಿಳಿವಳಿಕೆ ಸಣ್ಣದೇನಲ್ಲ.

ಚಕ್ರವೇ ಗಾಡಿಯನ್ನು ನೂಕುವ ಕಾಲ ಬಂದಾಗ ಸಮಸ್ಯೆ ಎದ್ದಿತು. ಪ್ಯಾರಿಸ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1827-28ರ ಹೊತ್ತಿಗೆ ಉಗಿಬಂಡಿಗಾಗಿ ಡಿಫರೆನ್ಷಿಯಲ್ಲಿಗೆ ಪೇಟೆಂಟ್ ಪಡೆದ. ಪೆಟ್ರೋಲ್ ಕಾರು ಹುಟ್ಟಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಿತ್ತು!

ಎಣ್ಣೆಯ ಕಥೆ ಬಿಗಿಯಾಗುವುದು 1920ರ ದಶಕದಲ್ಲಿ. ಅಲ್ಲಿಯವರೆಗೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಪಿನಿಯನ್ ಗೇರಿನ ನಡುಗೆರೆ, ಅದು ತಿರುಗಿಸುವ ದೊಡ್ಡ ಕ್ರೌನ್ ವೀಲಿನ ನಡುಮಧ್ಯಕ್ಕೆ ಸರಿಯಾಗಿ ಕೂಡುತ್ತಿತ್ತು. ಅಮೆರಿಕದ ಗ್ಲೀಸನ್ ಕಂಪನಿ ಪಿನಿಯನ್ನನ್ನು ಆ ಗೆರೆಯಿಂದ ಕೆಳಗಿಳಿಸುವ ಹೈಪಾಯ್ಡ್ ಗೇರುಗಳನ್ನು ಕತ್ತರಿಸುವ ಯಂತ್ರ ರೂಪಿಸಿತು. 1926ರಲ್ಲಿ ಪ್ಯಾಕರ್ಡ್ ಅದನ್ನು ಕಾರಿಗೆ ತಂದಿತು. ಪಿನಿಯನ್ ಇಳಿದರೆ ಪ್ರೊಪೆಲ್ಲರ್ ಶಾಫ್ಟ್ ಇಳಿಯುತ್ತದೆ, ಶಾಫ್ಟ್ ಇಳಿದರೆ ಕಾರಿನ ನೆಲವೂ ಇಳಿಯುತ್ತದೆ. ಕಾರುಗಳು ಕೆಳಮಟ್ಟದ, ನುಣುಪಾದ ಮೈ ಪಡೆದದ್ದರಲ್ಲಿ ಈ ಗೇರಿನ ಪಾಲು ದೊಡ್ಡದು.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹೈಪಾಯ್ಡ್ ಗೇರಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೆ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಮಾಮೂಲು ಎಣ್ಣೆಯ ಪದರ ಹರಿದುಹೋಗಿ ಉಕ್ಕಿಗೆ ಉಕ್ಕು ತಾಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಎಣ್ಣೆಗೆ ಬೆರೆಸಿದರು. ಹಲ್ಲು ಕಾದ ಜಾಗದಲ್ಲೇ ಅವು ಉಕ್ಕಿನೊಡನೆ ಪ್ರತಿಕ್ರಿಯಿಸಿ ತೆಳುವಾದ ಪೊರೆ ಕಟ್ಟುತ್ತವೆ, ಉಜ್ಜುವುದು ಆ ಪೊರೆ, ಉಳಿಯುವುದು ಗೇರು. ಹಿಂದಿನ ಹೌಸಿಂಗ್ ಬಿಚ್ಚಿದಾಗ ಮೂಗಿಗೆ ಬಡಿಯುವ, ಎರಡು ದಿನ ಅಂಗಿ ಬಿಡದ ಆ ವಾಸನೆ ಗಂಧಕದ್ದು.

ಇದರಲ್ಲಿ ನೋವಿನ ಅಧ್ಯಾಯವೊಂದಿದೆ. ದಶಕಗಳ ಕಾಲ ಇಂಥ ಎಣ್ಣೆಗಳಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಅಮೆರಿಕ 1970ರಲ್ಲಿ ಆ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ರಸಾಯನ ತಜ್ಞರು ಬದಲಿ ಹುಡುಕಲೇಬೇಕಾಯಿತು. ಮರುಭೂಮಿಯ ಹೊಹೊಬಾ ಬೀಜದ ಎಣ್ಣೆಯ ಕಡೆಗೂ ಕಣ್ಣು ಹೋದದ್ದು ಆಗಲೇ. ಗೇರು ನುಣುಪಾಗಿ ತಿರುಗಲೆಂದು ಕಡಲಿನ ಅಷ್ಟು ದೊಡ್ಡ ಜೀವವನ್ನು ಬೇಟೆಯಾಡಿದ್ದು ಎಂದೂ ನಡೆಯಬಾರದಿತ್ತು.

ನಮ್ಮ ಕಡೆ ಈ ವಿದ್ಯೆ ಅಂಬಾಸಿಡರ್, ಜೀಪು, ಲಾರಿಗಳ ಬೆನ್ನೇರಿ ಬಂತು. ಕರ್ನಾಟಕದಲ್ಲೇ ಭಾರಿ ವಾಹನಗಳ ಹಿಂದಿನ ಆ್ಯಕ್ಸಲ್ ತಯಾರಿಸಲು ಕಲ್ಯಾಣಿ ಸಮೂಹ ಮತ್ತು ಅಮೆರಿಕದ ರಾಕ್‌ವೆಲ್ ಸೇರಿ 1981ರಲ್ಲಿ ಮೈಸೂರಿನಲ್ಲಿ ಆಟೊಮೋಟಿವ್ ಆ್ಯಕ್ಸಲ್ಸ್ ಕಂಪನಿ ಕಟ್ಟಿದವು. ಆದರೆ 1983ರ ಕೊನೆಗೆ ಬಂದ ಮಾರುತಿ 800 ಬಲವನ್ನು ಮುಂದಿನ ಚಕ್ರಗಳಿಗೇ ಕೊಟ್ಟಿತು. ಅದರ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಸೇರಿಹೋಯಿತು. ಅಲ್ಲಿಂದಾಚೆ ಪೇಟೆಯ ಕಾರು ಮಾಲೀಕರಿಗೆ ಹಿಂದೊಂದು ಎಣ್ಣೆ ಇರುತ್ತದೆ ಎನ್ನುವುದೇ ಮರೆತುಹೋಯಿತು.

ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾವಿ ತಾಲೂಕುಗಳಲ್ಲಿ ಅದು ಮರೆತುಹೋಗಲಿಲ್ಲ. ಟ್ರ್ಯಾಕ್ಸ್, ಬೊಲೆರೊ ಪಿಕಪ್, ಟಾಟಾ ಏಸ್ ಎಲ್ಲವೂ ಹಿಂದಿನ ಚಕ್ರ ನೂಕುವ ಗಾಡಿಗಳು. ಹಿರೇಕೆರೂರಿನಿಂದ ಗೋವಿನಜೋಳ ಹೇರಿಕೊಂಡು ಹೊರಡುವ ಟ್ರೇಲರ್, ಸವಣೂರಿನ ಎರೆ ಹೊಲದಲ್ಲಿ ಒಂದು ಚಕ್ರ ಹೂತು ಇನ್ನೊಂದು ಸುಮ್ಮನೆ ಗರಗರ ತಿರುಗುವ ಟ್ರ್ಯಾಕ್ಟರ್, ಇವು ಹಿಂದಿನ ಹೌಸಿಂಗನ್ನು ಮರೆಯಲು ಬಿಡುವುದಿಲ್ಲ. ಹೂತಾಗ ಚಾಲಕ ಡಿಫ್ ಲಾಕ್ ಪೆಡಲ್ ತುಳಿದು ಎರಡೂ ಚಕ್ರಗಳನ್ನು ಒಂದಾಗಿಸುತ್ತಾನೆ, ಗಟ್ಟಿ ನೆಲ ಸಿಕ್ಕ ಕೂಡಲೇ ಬಿಡುತ್ತಾನೆ. ಬಿಡದೆ ತಿರುಗಿಸಿದರೆ ಗೇರಿನ ಹಲ್ಲು ಮುರಿಯಬಹುದು. ಪಿನಿಯನ್ ಸವೆದರೆ ವೇಗ ಏರಿದಂತೆ ಕುಂಯ್ ಎನ್ನುವ ಸಪ್ಪಳ ಏರುವುದನ್ನು ಇಲ್ಲಿನ ಮೇಸ್ತ್ರಿಗಳು ಕಿವಿಯಲ್ಲೇ ಹಿಡಿಯುತ್ತಾರೆ.

ಇದೇ ಯಂತ್ರವನ್ನು ರೇಸಿನವರೂ ತಮ್ಮದೇ ರೀತಿಯಲ್ಲಿ ತಿದ್ದಿದರು. ಫರ್ಡಿನೆಂಡ್ ಪೋರ್ಷೆ ರೂಪಿಸಿದ ಆಟೊ ಯೂನಿಯನ್ ಗ್ರ್ಯಾನ್ ಪ್ರಿ ಕಾರಿನ ಬಲ ಎಷ್ಟಿತ್ತೆಂದರೆ, ಹಿಂದಿನ ಒಂದು ಚಕ್ರ ಹಿಡಿತ ಬಿಟ್ಟು ಸುಮ್ಮನೆ ತಿರುಗುತ್ತಿತ್ತು. ಸವಣೂರಿನ ಎರೆಯಲ್ಲಿ ಆಗುವುದೇ ಅಲ್ಲಿ ಡಾಂಬರಿನ ಮೇಲೆ ಆಗುತ್ತಿತ್ತು. 1935ರಲ್ಲಿ ಜೆಡ್‌ಎಫ್ ಕಂಪನಿ ಅದಕ್ಕಾಗಿ, ಒಂದೇ ಚಕ್ರ ಸುಮ್ಮನೆ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ತಯಾರಿಸಿತು. ಇಂದಿನ ಹಲವು ವೇಗದ ಕಾರುಗಳಲ್ಲಿ ಈ ಕೆಲಸಕ್ಕೆ ಕ್ಲಚ್ ಪ್ಲೇಟುಗಳಿವೆ. ಅವು ಉಜ್ಜಿದಷ್ಟೂ ಎಣ್ಣೆ ಕೊಳೆಯಾಗುತ್ತದೆ. ಬಿಎಂಡಬ್ಲ್ಯು ತನ್ನ ಎಂ ಸರಣಿಯ ಕಾರುಗಳಿಗೆ ಮೊದಲ 2,000 ಕಿಲೋಮೀಟರಿಗೇ ಈ ಎಣ್ಣೆ ಬದಲಿಸಲು ಹೇಳುತ್ತದೆ, ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಬಿಡುವ ಲೋಹದ ಪುಡಿ ಒಳಗೆ ಸುತ್ತುತ್ತಿರಬಾರದೆಂದು.

ಶಿಗ್ಗಾವಿಯ ಬದಿಯ 48ನೇ ಹೆದ್ದಾರಿಯಲ್ಲಿ ಅಂಥ ಕಾರುಗಳು ಬೆಂಗಳೂರು-ಪುಣೆ ನಡುವೆ ಹಾದುಹೋಗುತ್ತವೆ. ಅವುಗಳ ಎಣ್ಣೆ ಬದಲಿಸುವ ಕೈಕೆಲಸ ಟ್ರ್ಯಾಕ್ಟರ್ ಮೇಸ್ತ್ರಿಗೆ ಹೊಸದೇನಲ್ಲ. ಸ್ವಲ್ಪ ದೂರ ಓಡಿಸಿ ಎಣ್ಣೆ ಬಿಸಿಯಾಗಿಸಬೇಕು. ಕಾರು ನಾಲ್ಕೂ ಮೂಲೆ ಸಮನಾಗಿ ಮೇಲೇರಿರಬೇಕು. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಬೇಕು, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಕ್ರಮ ತಪ್ಪಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಫಿಲ್ಲರ್ ಬೋಲ್ಟ್ ಹಿಡಿದುಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲಿಯೇ ಕೂತಂತೆ. ಡ್ರೇನ್ ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿದ್ದರೆ ಅದು ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು. ಹೊಸ ವಾಷರ್ ಹಾಕಿ, ಫಿಲ್ಲರ್ ತೂತಿನ ಅಂಚಿನಿಂದ ಎಣ್ಣೆ ಹೊರಬರುವವರೆಗೆ ಪಂಪ್ ಮಾಡಿದರೆ ಆಯಿತು. ಟ್ರ್ಯಾಕ್ಟರ್ ಹತ್ತಾರು ಲೀಟರ್ ಕುಡಿದರೆ ಇಂಥ ಕಾರಿಗೆ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು ಸಾಕು.

ಮೇಸ್ತ್ರಿ ಎಚ್ಚರ ವಹಿಸಬೇಕಾದದ್ದು ಡಬ್ಬಿಯ ವಿಷಯದಲ್ಲಿ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರು, ಹೈಡ್ರಾಲಿಕ್ಸ್, ಬ್ರೇಕ್ ಎಲ್ಲವೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ, ಅದಕ್ಕೆ ಬೇರೆಯದೇ ಎಣ್ಣೆಯಿದೆ. ಹೈಪಾಯ್ಡ್ ಗೇರಿಗೆ ಬೇಕಾದ ಜಿಎಲ್-5 ದರ್ಜೆಯನ್ನು ಅಲ್ಲಿ ಸುರಿದರೆ ಬ್ರೇಕ್ ಕೆಡುತ್ತದೆ. ಹಳೆಯ ಗೇರ್‌ಬಾಕ್ಸಿಗೆ ಸುರಿದರೆ ಒಳಗಿನ ಕಂಚಿನ ಭಾಗಗಳನ್ನು ಗಂಧಕ ತಿನ್ನಬಹುದು. ಎಲ್ಲಕ್ಕೂ ತೊಂಬತ್ತರ ಆಯಿಲ್ ಸಾಕು ಎನ್ನುವ ರೂಢಿಯ ಮಾತು ಹೇಳುವುದು ಎಣ್ಣೆಯ ಮಂದತೆಯನ್ನು ಮಾತ್ರ, ಅದರ ಗುಣವನ್ನಲ್ಲ. ಕ್ಲಚ್ ಪ್ಲೇಟಿರುವ ಡಿಫರೆನ್ಷಿಯಲ್ಲಿಗೆ ಕಂಪನಿ ಹೇಳಿದ ಫ್ರಿಕ್ಷನ್ ಮಾಡಿಫೈಯರ್ ಬೆರೆತ ಎಣ್ಣೆಯೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಹಿಂಭಾಗ ಕಟಕಟ ಎಂದು ಅದುರುತ್ತದೆ. ಎಣ್ಣೆ ತುಂಬಿದ ಮೇಲೆ ಖಾಲಿ ಮೈದಾನದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನವಾಗಿ ಕೆಲವು ಸುತ್ತು ಹೊಡೆಸಬೇಕು. ಎಡಕ್ಕೂ ಬಲಕ್ಕೂ ತಿರುಗಿದಾಗ ಪ್ಲೇಟುಗಳ ನಡುವೆ ಹೊಸ ಎಣ್ಣೆ ಸೇರುತ್ತದೆ, ಅದುರುವುದು ನಿಲ್ಲುತ್ತದೆ. ಆಮೇಲೆ ಎರಡೂ ಬೋಲ್ಟುಗಳ ಸುತ್ತ ಒಣಬಟ್ಟೆಯಿಂದ ಒರೆಸಿ, ಜಿನುಗಿಲ್ಲವೆಂದು ನೋಡಿಕೊಂಡು ಗಾಡಿ ಬಿಡಬಹುದು.